ಓಮನ್, ಪೋರ್ಟೆಂಟ್, ಹಾರ್ಬಿಂಜರ್, ಪ್ರೆಮನಿಷನ್... ಇವೆಲ್ಲಾ "ಶಕುನ"ನೇನಾ? ಯಾರಾದ್ರೂ ಬಿಡಿಸಿ ಹೇಳಿ ಪ್ಲೀಸ್

ಅರೆಬರೆ_ಇಂಗ್ಲಿಷ್:

ಎಲ್ರಿಗೂ ನಮಸ್ಕಾರ. ಮೊದ್ಲು ನನ್ನ ಮಾನ ಹೋದ ಕಥೆ, ಆಮೇಲೆ ಪ್ರಶ್ನೆ.

ನಮ್ಮಲ್ಲಿ ಹೊಸ ಪ್ರಾಜೆಕ್ಟ್ ಶುರುವಾದ ದಿನಾನೇ ಬಿಟ್ಟು ಹೋಗಿದ್ದ ಹಳೇ ಕ್ಲೈಂಟ್ ಒಬ್ರು ವಾಪಸ್ ಬಂದ್ರು. ನಂಗೆ ಖುಷಿ ತಡಿಯೋಕಾಗ್ದೆ ಇಡೀ ಟೀಮಿಗೆ, ಜೊತೆಗೆ ಆ ಕ್ಲೈಂಟನ್ನೂ ಸಿಸಿ ಹಾಕಿ, ನೀವು ವಾಪಸ್ ಬಂದಿರೋದು ನಮ್ಮ ಪ್ರಾಜೆಕ್ಟಿಗೆ "ವೆರಿ ಆಮಿನಸ್ ಸೈನ್" ಅಂತ ಇಂಗ್ಲಿಷಲ್ಲಿ ಒಂದು ಮೇಲ್ ಬಿಟ್ಟೆ. ನನ್ನ ಲೆಕ್ಕ ಸಿಂಪಲ್ಲಾಗಿತ್ತು ನೋಡಿ, ಫೇಮ್ ಇದ್ರೆ ಫೇಮಸ್, ಗ್ಲಾಮರ್ ಇದ್ರೆ ಗ್ಲಾಮರಸ್, ಹಂಗೇ ಓಮನ್ ಅಂದ್ರೆ ಶಕುನ, ಶಕುನ ಇದ್ರೆ ಆಮಿನಸ್. ಅರ್ಧ ಗಂಟೆ ಆದ್ಮೇಲೆ ಸೀನಿಯರ್ ಒಬ್ರು ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತು ಮೆಲ್ಲಗೆ "ಏನ್ರೀ, ನೀವು ಬಂದಿದ್ದೇ ಅಪಶಕುನ ಅಂತ ಅವ್ರ ಮುಖಕ್ಕೇ ಬರ್ದಿದೀರಲ್ಲ" ಅಂದ್ರು. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರ್ದಾ ಅನ್ನಿಸ್ತು.

ಅವತ್ತಿಂದ ಈ ಜಾತಿ ಪದಗಳ ಹಿಂದೆ ಬಿದ್ದಿದೀನಿ. ಡಿಕ್ಷನರಿ ತೆಗೆದ್ರೆ ಓಮನ್‌ಗೆ ಶಕುನ, ಮುನ್ಸೂಚನೆ ಅಂತಿದೆ, ಪೋರ್ಟೆಂಟ್‌ಗೆ ಮುನ್ಸೂಚನೆ, ಅಪಶಕುನ ಅಂತಿದೆ, ಪ್ರೆಸೇಜ್‌ಗೂ ಮುನ್ಸೂಚನೆ, ಪ್ರೆಮನಿಷನ್‌ಗೂ ಮುನ್ಸೂಚನೆ. ನಾಳೆ ಮಳೆ ಬರತ್ತಾ ಅನ್ನೋದಕ್ಕೂ ನಾವು ಹವಾಮಾನ ಮುನ್ಸೂಚನೆ ಅಂತೀವಿ. ಎಲ್ಲಾದಕ್ಕೂ ಒಂದೇ ಪದ ಆದ್ರೆ ಅವ್ರು ಇಷ್ಟೊಂದು ಪದ ಯಾಕೆ ಇಟ್ಕೊಂಡಿದಾರೆ? ಈಗ ಅದರ ಮೇಲೆ ಇನ್ನೊಂದು ತಲೆನೋವು, ಒಂದು ಇಂಗ್ಲಿಷ್ ಲೇಖನ ಕನ್ನಡಕ್ಕೆ ಮಾಡಿಕೊಡ್ತೀನಿ ಅಂತ ಒಪ್ಕೊಂಡಿದೀನಿ, ಅದ್ರಲ್ಲಿ ಒಂದೇ ಪುಟದಲ್ಲಿ ಓಮನ್, ಪೋರ್ಟೆಂಟ್, ಫೋರ್‌ಬೋಡಿಂಗ್ ಮೂರೂ ಬಂದಿವೆ, ಮೂರಕ್ಕೂ ಮುನ್ಸೂಚನೆ ಅಂತ ಬರೆದ್ರೆ ಓದೋರು ನನಗೆ ಬೇರೆ ಪದಾನೇ ಗೊತ್ತಿಲ್ಲ ಅನ್ಕೋತಾರೆ (ನಿಜಾನೇ). ಗೊತ್ತಿರೋರು ಸ್ವಲ್ಪ ಹೇಳಿ. ಅರ್ಥ ಮಾತ್ರ ಬೇಡ, ಎಲ್ಲಿ ಯಾವುದು ಹಾಕಬಾರ್ದು ಅನ್ನೋದೂ ಬೇಕು.

ನಿಘಂಟುಹುಳ:

ನಿಮ್ಮ ಮೇಲ್ ಓದಿ ನಕ್ಕಿದ್ದಕ್ಕೆ ಕ್ಷಮಿಸಿ. ಆದ್ರೆ ತಪ್ಪು ನಿಮ್ಮದಲ್ಲ, ಆ ಪದದ್ದೇ. ಓಮನ್ ಅನ್ನೋದು ಮೂಲದಲ್ಲಿ ಯಾರ ಪಕ್ಷಾನೂ ಅಲ್ಲ, ಗುಡ್ ಓಮನ್ ಅನ್ನಬಹುದು, ಬ್ಯಾಡ್ ಓಮನ್ ಅನ್ನಬಹುದು, ನಮ್ಮ ಶಕುನ ಇದ್ದ ಹಾಗೇ. ಅದರಿಂದ ಹುಟ್ಟಿದ ಆಮಿನಸ್ ಮಾತ್ರ ಪೂರ್ತಿ ಕೆಟ್ಟದ್ರ ಕಡೆ ವಾಲಿಬಿಟ್ಟಿದೆ. ಆಮಿನಸ್ ಕ್ಲೌಡ್ಸ್, ಆಮಿನಸ್ ಸೈಲೆನ್ಸ್, ಎಲ್ಲೇ ನೋಡಿ, ಏನೋ ಕೇಡು ಕಾದಿದೆ ಅಂತಾನೇ ಅರ್ಥ. ಒಳ್ಳೇದಕ್ಕೆ ಬೇಕಿದ್ರೆ ಆಸ್ಪಿಷಸ್ ಅಂತ ಬೇರೆ ಕುಲದ ಪದ ಎರವಲು ತರಬೇಕು. ಓಮನ್ ಇಂದಾನೇ ಹುಟ್ಟಿದ ಇನ್ನೊಂದು ಪದ ಇದೆ, ಯಾರಿಗೂ ಅನುಮಾನ ಬರಲ್ಲ: ಅಬಾಮಿನಬಲ್. ಲ್ಯಾಟಿನ್ನಲ್ಲಿ ಅದು "ಈ ಕೆಟ್ಟ ಶಕುನ ನನ್ನಿಂದ ದೂರ ಇರ್ಲಿ" ಅಂತ ಮುಖ ತಿರುಗಿಸೋದು, ಅಲ್ಲಿಂದ ಅಸಹ್ಯ, ಹೇಸಿಗೆ ಅನ್ನೋ ಅರ್ಥಕ್ಕೆ ಬಂದಿದೆ. ಅಂದ್ರೆ ಆ ಮನೆತನದ ಮಕ್ಕಳೆಲ್ಲ ಸ್ವಲ್ಪ ಹಾಗೇನೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾನು ಇವನ್ನ ಬೇರೆ ಮಾಡೋಕೆ ಒಂದೇ ಪ್ರಶ್ನೆ ಕೇಳ್ಕೊತೀನಿ: ಆ ಸೂಚನೆ ಎಲ್ಲಿದೆ? ಕಣ್ಣಿಗೆ ಕಾಣೋ ಹಾಗೆ ಹೊರಗಿದೆಯಾ, ಮನಸ್ಸೊಳಗಿದೆಯಾ, ಅಥವಾ ಬರೋ ವಿಷಯದ್ದೇ ಮೊದಲ ತುಣುಕಾ? ಹೊರಗಿದ್ರೆ ಓಮನ್, ಪೋರ್ಟೆಂಟ್. ಒಳಗಿದ್ರೆ ಪ್ರೆಮನಿಷನ್, ಫೋರ್‌ಬೋಡಿಂಗ್. ಮೆರವಣಿಗೆ ಬರೋಕೆ ಮುಂಚೆ ಬಾವುಟ ಹಿಡ್ಕೊಂಡು ಒಬ್ಬ ಬರ್ತಾನಲ್ಲ, ಆ ಥರ ಮುಂದೆ ನಡೀತಾ ಬಂದ್ರೆ ಹಾರ್ಬಿಂಜರ್. ಇಷ್ಟು ಕೇಳ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ.

ಓಮನ್‌ಗೂ ಪೋರ್ಟೆಂಟ್‌ಗೂ ಏನು ವ್ಯತ್ಯಾಸ ಅಂದ್ರೆ, ಗಾತ್ರ. ಓಮನ್ ಚಿಕ್ಕದಾಗಿರಬಹುದು, ಒಬ್ಬನ ಪಾಲಿಗೆ ಮಾತ್ರ ಇರಬಹುದು, ಹೊರಡೋ ಹೊತ್ತಿಗೆ ಕೈಯಿಂದ ಲೋಟ ಜಾರಿ ಬಿದ್ರೂ ಓಮನ್ ಅಂತ ಅನ್ಕೊಳೋರಿದಾರೆ. ಲೋಟ ಬಿದ್ದಿದ್ದಕ್ಕೆ ಪೋರ್ಟೆಂಟ್ ಅಂದ್ರೆ ನಗ್ತಾರೆ. ಪೋರ್ಟೆಂಟ್ ಅಂದ್ರೆ ಆಕಾಶಾನೇ ಮಾತಾಡಬೇಕು, ಧೂಮಕೇತು, ಹಾಡಹಗಲೇ ಕತ್ತಲೆ, ಆ ಲೆವೆಲ್ಲು, ಅದು ತೋರಿಸೋದೂ ದೊಡ್ಡದೇ, ಯುದ್ಧಾನೋ ರಾಜ ಸಾಯೋದೋ. ಕನ್ನಡದಲ್ಲಿ ಇದಕ್ಕೆ ಹತ್ರ ಇರೋ ಪದ ಉತ್ಪಾತ. ಈಗ ಉತ್ಪಾತ ಅಂದ್ರೆ ಅನಾಹುತ ಅಂತ ಮಾತ್ರ ಬಳಸ್ತೀವಿ, ಆದ್ರೆ ಹಳೇ ಅರ್ಥ ಅನಾಹುತಕ್ಕೆ ಮುಂಚೆ ಕಾಣೋ ವಿಚಿತ್ರ ಅಂತಾನೇ. ನಿಮ್ಮ ಲೇಖನದಲ್ಲಿ ಪೋರ್ಟೆಂಟ್ ಬಂದಿರೋ ಕಡೆ ಉತ್ಪಾತ ಹಾಕಿ ನೋಡಿ, ಕೂರತ್ತೆ ಅನ್ಸತ್ತೆ.

ಉದಾಹರಣೆ ಬೇಕಂದ್ರೆ 1066. ಆ ವರ್ಷ ಏಪ್ರಿಲ್‌ನಲ್ಲಿ ಹ್ಯಾಲಿ ಧೂಮಕೇತು ಕಾಣಿಸ್ತು, ಅಕ್ಟೋಬರ್ 14ಕ್ಕೆ ಹೇಸ್ಟಿಂಗ್ಸ್ ಯುದ್ಧ, ಇಂಗ್ಲೆಂಡಿನ ರಾಜ ಹೆರಾಲ್ಡ್ ಸತ್ತ, ನಾರ್ಮಂಡಿಯ ವಿಲಿಯಂ ಗೆದ್ದ. ಬೇಯೂ ಟೇಪೆಸ್ಟ್ರಿ ಅಂತ ಸುಮಾರು 70 ಮೀಟರ್ ಉದ್ದದ ಕಸೂತಿ ಬಟ್ಟೆ ಇದೆ, ಅದರಲ್ಲಿ ಜನ ಗುಂಪಾಗಿ ನಿಂತು ಬಾಲ ಇರೋ ನಕ್ಷತ್ರದ ಕಡೆ ಬೆರಳು ತೋರಿಸ್ತಿರೋ ಚಿತ್ರ ಇದೆ. ಅದು ಪಕ್ಕಾ ಪೋರ್ಟೆಂಟ್. ಮಜಾ ಏನಪ್ಪಾ ಅಂದ್ರೆ ಅದೇ ಧೂಮಕೇತು ಹೆರಾಲ್ಡ್‌ಗೂ ಕಂಡಿತ್ತು ವಿಲಿಯಂಗೂ ಕಂಡಿತ್ತು, ಯಾರಿಗೆ ಕೇಡು ಯಾರಿಗೆ ಲಾಭ ಅಂತ ಅದರ ಬಾಲದ ಮೇಲೇನೂ ಬರ್ದಿರಲಿಲ್ಲ. ಹಾಗಾಗಿ ಪೋರ್ಟೆಂಟ್ ಅಂದ್ರೆ ಯಾವಾಗ್ಲೂ ಕೆಟ್ಟದು ಅಂತಲ್ಲ, "ಏನೋ ದೊಡ್ಡದು ಆಗೋದಿದೆ" ಅಂತ, ಆದ್ರೆ ಜನ ದೊಡ್ಡದು ಅಂದ ತಕ್ಷಣ ಕೆಟ್ಟದೇ ಯೋಚ್ನೆ ಮಾಡೋದ್ರಿಂದ ಪದಾನೂ ಆ ಕಡೆಗೆ ಸ್ವಲ್ಪ ವಾಲಿದೆ.

ಒಂದು ಹುಷಾರು. ಪೋರ್ಟೆಂಟಸ್ ಅಂತ ಬರೆದ್ರೆ ಇವತ್ತು ಅರ್ಧಕ್ಕರ್ಧ ಜನ "ಇಲ್ಲದ ಗಾಂಭೀರ್ಯ ತೋರಿಸೋ" ಅಂತ ಓದ್ಕೊತಾರೆ. ಭಾಷಣಕ್ಕೆ ಪೋರ್ಟೆಂಟಸ್ ಅಂದ್ರೆ ಹೊಗಳಿಕೆ ಅಲ್ಲ. ಇದನ್ನೂ ಕ್ಲೈಂಟಿಗೆ ಬರೀಬೇಡಿ ಮತ್ತೆ.

ಸುಮ್ನೆ_ಒಂದ್_ಮಾತು:

ಶಕುನ ಅಂದ್ರೆ ಸಂಸ್ಕೃತದಲ್ಲಿ ಹಕ್ಕಿ ಅಂತಾನೇ ಅರ್ಥ. ಶಕುಂತಲೆ ಹೆಸರೂ ಅಲ್ಲಿಂದಾನೇ, ಹಕ್ಕಿಗಳು ಕಾಪಾಡಿದ ಮಗು ಅಂತ. ಹಕ್ಕಿ ನೋಡಿ ಹೇಳೋದು ಹೋಗಿ ಹಕ್ಕಿ ಹೆಸರೇ ಸೂಚನೆಗೆ ಅಂಟಿಕೊಂಡಿದೆ. ಇಂಗ್ಲಿಷಲ್ಲೂ ಹಿಂಗೇ ಏನೋ ಇದೆ ಅಂತ ಕೇಳಿದ್ದೆ, ಗೊತ್ತಿರೋರು ಹೇಳ್ಬೇಕು.

ಹಕ್ಕಿನೋಟ:

ಇದೆ ಇದೆ, ಅದೂ ಹೆಚ್ಚು ಕಮ್ಮಿ ಇದೇ ಕಥೆ. ನಾನು ಹಕ್ಕಿ ನೋಡೋ ಹುಚ್ಚಿಂದ ಈ ಪದಗಳ ಹತ್ರ ಬಂದೋನು, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಅಡ್ಜಸ್ಟ್ ಮಾಡ್ಕೊಳಿ.

ಆಸ್ಪಿಷಸ್ ಅನ್ನೋ ಪದ ಲ್ಯಾಟಿನ್ನಿನ ಏವಿಸ್, ಅಂದ್ರೆ ಹಕ್ಕಿ, ಮತ್ತೆ ಸ್ಪೆಸೆರೆ, ಅಂದ್ರೆ ನೋಡೋದು, ಇವೆರಡೂ ಸೇರಿ ಆಗಿದ್ದು. ನೇರವಾಗಿ ಹಕ್ಕಿನೋಟ, ನನ್ನ ಐಡಿನೇ. ರೋಮ್‌ನಲ್ಲಿ ಹಕ್ಕಿ ಹಾರೋ ದಿಕ್ಕು, ಕೂಗು ನೋಡಿ ದೇವರ ಮನಸ್ಸು ಹೇಳೋ ಅಧಿಕಾರಿಗಳಿದ್ರು, ಅವರಿಗೆ ಆಗರ್ ಅಂತ ಹೆಸರು. ಗಮನಿಸಿ, ಇವ್ರು ಬೀದಿ ಬದಿ ಭವಿಷ್ಯ ಹೇಳೋರಲ್ಲ, ಸರ್ಕಾರಿ ಹುದ್ದೆ, ಸೆನೆಟರ್‌ಗಳೇ ಆ ಜಾಗಕ್ಕೆ ಆಸೆ ಪಡ್ತಿದ್ರು. ಅವರು ಸರಿ ಅಂದ ಮೇಲೆ ಕೆಲಸ ಶುರು, ಅದಕ್ಕೇ ಇನಾಗ್ಯುರೇಟ್ ಅನ್ನೋ ಪದದ ಹೊಟ್ಟೆಯಲ್ಲಿ ಆಗರ್ ಕೂತಿದಾನೆ. ರೋಮ್ ಊರು ಕಟ್ಟಿದ ಐತಿಹ್ಯದಲ್ಲೂ ಹಕ್ಕಿನೇ: ರೀಮಸ್‌ಗೆ 6 ರಣಹದ್ದು ಕಂಡ್ವಂತೆ, ರಾಮ್ಯುಲಸ್‌ಗೆ 12. ಮೊದ್ಲು ಕಂಡಿದ್ದು ನಂಗೆ ಅಂತ ಒಬ್ಬ, ಜಾಸ್ತಿ ಕಂಡಿದ್ದು ನಂಗೆ ಅಂತ ಇನ್ನೊಬ್ಬ, ಜಗಳ ಆಗಿ ರೀಮಸ್ ಸತ್ತ. ಹಕ್ಕಿಗಳು ಏನು ಹೇಳಿದ್ವೋ ಆ ಹಕ್ಕಿಗಳಿಗೇ ಗೊತ್ತು.

ಹಾಗಾಗಿ ಆಗ್ಯುರಿ ಅನ್ನೋದು ಓಮನ್ ಅಲ್ಲ, ಓಮನ್ ಓದೋ ವಿದ್ಯೆ. ಕಾಣೋದು ಓಮನ್, ಓದೋದು ಆಗ್ಯುರಿ. ಈಗಿನ ಇಂಗ್ಲಿಷಲ್ಲಿ ಆಗ್ಯುರಿನ ಸೂಚನೆ ಅನ್ನೋ ಅರ್ಥಕ್ಕೂ ಬಳಸ್ತಾರೆ, ಆದ್ರೆ ಪುಸ್ತಕದ ವಾಸನೆ ಹೊಡೆಯತ್ತೆ.

ಕೋಳಿ ಕಥೆ ಹೇಳ್ದೆ ಬಿಡೋಕಾಗಲ್ಲ. ಕ್ರಿ.ಪೂ. 249, ಸಿಸಿಲಿಯ ಡ್ರೆಪಾನಾ ಹತ್ರ ಕಾರ್ತೇಜ್ ನೌಕಾಪಡೆ ಮೇಲೆ ಬೀಳೋಕೆ ರೋಮನ್ನರು ರೆಡಿ. ಹಡಗಲ್ಲಿ ಪವಿತ್ರ ಕೋಳಿಗಳಿದ್ವು, ಕಾಳು ಹಾಕಿದಾಗ ಮುಗಿಬಿದ್ದು ತಿಂದ್ರೆ ಶುಭ, ತಿನ್ನಲಿಲ್ಲ ಅಂದ್ರೆ ಯುದ್ಧ ಬೇಡ. ಅವತ್ತು ತಿನ್ನಲಿಲ್ಲ. ಸೇನಾಪತಿ ಕ್ಲಾಡಿಯಸ್ ಪುಲ್ಕರ್ "ತಿನ್ನಲ್ಲ ಅಂದ್ರೆ ಕುಡೀಲಿ" ಅಂತ ಕೋಳಿಗಳನ್ನ ಸಮುದ್ರಕ್ಕೆ ಎಸೆದನಂತೆ. ಯುದ್ಧ ಹೀನಾಯವಾಗಿ ಸೋತ, ವಾಪಸ್ ಹೋದ ಮೇಲೆ ವಿಚಾರಣೆ ಆಗಿ ದಂಡಾನೂ ಬಿತ್ತು. ಕೋಳಿ ತಿನ್ನದೇ ಇದ್ದಿದ್ದು ಓಮನ್, ಅದನ್ನ ನೋಡಿದ ಸೈನಿಕರ ಹೊಟ್ಟೆಯಲ್ಲಿ ಶುರುವಾಯ್ತಲ್ಲ ತಳಮಳ, ಅದು ಫೋರ್‌ಬೋಡಿಂಗ್. ಅನುವಾದ ಮಾಡೋರಿಗೆ ಎರಡೂ ಒಂದೇ ಸೀನಲ್ಲಿ ಸಿಗತ್ತೆ.

ಇನ್ನೊಂದು, ಆಸ್ಪಿಷಸ್‌ಗೂ ಪ್ರೊಪಿಷಸ್‌ಗೂ ಜನ ಕಲೆಸಿಬಿಡ್ತಾರೆ. ಒಳ್ಳೇದಾಗತ್ತೆ ಅಂತ ಏನೋ ಭರವಸೆ ಕೊಟ್ರೆ ಆಸ್ಪಿಷಸ್, ಪರಿಸ್ಥಿತಿನೇ ನಮ್ಮ ಕಡೆ ಇದ್ರೆ ಪ್ರೊಪಿಷಸ್. ಹಡಗು ಹೊರಡೋ ದಿಕ್ಕಿಗೇ ಗಾಳಿ ಬೀಸಿದ್ರೆ ಅದು ಪ್ರೊಪಿಷಸ್ ಗಾಳಿ, ಆ ಗಾಳಿ ಏನನ್ನೂ ಸೂಚಿಸ್ತಿಲ್ಲ, ಹಡಗನ್ನ ತಳ್ತಿದೆ ಅಷ್ಟೇ. ಅಂಡರ್ ದಿ ಆಸ್ಪಿಸಸ್ ಆಫ್ ಅಂತಾರಲ್ಲ, ಆಶ್ರಯದಲ್ಲಿ ಅಂತ, ಅದೂ ಇದೇ ಹಕ್ಕಿ ಕುಟುಂಬ. ಯಾವ ಸೇನಾಪತಿ ಹೆಸರಲ್ಲಿ ಹಕ್ಕಿ ನೋಡಿದ್ರೋ ಯುದ್ಧ ಅವನ ಲೆಕ್ಕಕ್ಕೆ.

ಸಿನಿಸ್ಟರ್ ಬಗ್ಗೆನೂ ಒಂದ್ ಸಾಲು, ಲ್ಯಾಟಿನ್ನಲ್ಲಿ ಅದರ ಅರ್ಥ ಎಡ. ರೋಮನ್ ಆಗರ್ ದಕ್ಷಿಣಕ್ಕೆ ಮುಖ ಮಾಡಿ ನಿಲ್ತಿದ್ದ, ಸೂರ್ಯ ಹುಟ್ಟೋ ಪೂರ್ವ ಎಡಕ್ಕೆ ಬರ್ತಿತ್ತು, ಹಾಗಾಗಿ ಮೊದ್ಲು ಎಡಾನೇ ಶುಭ. ಗ್ರೀಕರು ಉತ್ತರಕ್ಕೆ ಮುಖ ಮಾಡೋರು, ಅವರಿಗೆ ಎಡ ಅಶುಭ. ಆಮೇಲೆ ಗ್ರೀಕರ ಲೆಕ್ಕಾನೇ ಗೆದ್ದು ಪಾಪ ಎಡಕ್ಕೆ ಕೆಟ್ಟ ಹೆಸರು ಖಾಯಂ ಆಯ್ತು. ಈಗ ಸಿನಿಸ್ಟರ್ ಅಂದ್ರೆ ಹಿಂದೆ ಯಾರದ್ದೋ ದುರುದ್ದೇಶ ಇರಬೇಕು. ಮೋಡ ಆಮಿನಸ್ ಆಗಬಹುದು, ಸಿನಿಸ್ಟರ್ ಆಗೋದು ಕಷ್ಟ, ಯಾಕಂದ್ರೆ ಮೋಡಕ್ಕೆ ನಮ್ಮ ಮೇಲೇನು ದ್ವೇಷ.

ಅರೆಬರೆ_ಇಂಗ್ಲಿಷ್:

ಅಯ್ಯೋ ಇಷ್ಟೆಲ್ಲ ಇದೆಯಾ! ನಿಘಂಟುಹುಳ ಸರ್, ಹಕ್ಕಿನೋಟ ಸರ್ (ಮೇಡಂ ಆಗಿದ್ರೆ ಸಾರಿ), ತುಂಬಾ ಥ್ಯಾಂಕ್ಸ್. ಉತ್ಪಾತ ಸಕತ್ತಾಗಿ ಕೂತಿದೆ. ಆದ್ರೆ ಎರಡು ಡೌಟು ಉಳೀತು. ಪ್ರೆಮನಿಷನ್, ಫೋರ್‌ಬೋಡಿಂಗ್ ಎರಡೂ ಒಳಗಿನದೇ ಅಂದ್ರಿ, ಹಾಗಾದ್ರೆ ಅವೆರಡರ ಮಧ್ಯ ಏನು ವ್ಯತ್ಯಾಸ? ಮತ್ತೆ ಹಾರ್ಬಿಂಜರ್‌ಗೆ ನಾನು ಹರಿಕಾರ ಅಂತ ಹಾಕಿದೀನಿ, ಪೇಪರಲ್ಲೆಲ್ಲ ಬದಲಾವಣೆಯ ಹರಿಕಾರ ಅಂತ ಬರತ್ತಲ್ಲ, ಅದು ಸರಿನಾ?

ರಾತ್ರಿಪಾಳಿ:

ಒಳಗಿನ ಪದಗಳ ಬಗ್ಗೆ ನಾನು ಹೇಳ್ತೀನಿ. ಫೋರ್‌ಬೋಡಿಂಗ್‌ಗೆ ಮುಖ ಇಲ್ಲ. ಯಾಕೋ ಸರಿ ಕಾಣ್ತಿಲ್ಲ, ಎದೆ ಡವಡವ ಅಂತಿದೆ, ಏನಾಗತ್ತೆ ಅಂತ ಕೇಳಿದ್ರೆ ಉತ್ತರ ಇಲ್ಲ. ಅದು ಬರೀ ಅಳುಕು, ಅದೂ ಕೆಟ್ಟದ್ರದ್ದೇ. ಗುಡ್ ಫೋರ್‌ಬೋಡಿಂಗ್ ಅಂತ ಯಾರೂ ಅನ್ನಲ್ಲ. ಪ್ರೆಮನಿಷನ್‌ಗೆ ಸ್ವಲ್ಪ ಮುಖ ಇರತ್ತೆ, ಇಂಥವರಿಗೆ ಇಂಥದ್ದು ಆಗತ್ತೆ ಅಂತ ಕನಸಲ್ಲೋ ಎಚ್ಚರದಲ್ಲೋ ಕಂಡ ಹಾಗೆ. ಬೇರು ನೋಡಿದ್ರೂ ಅದು ಮುಂಚೆನೇ ಎಚ್ಚರಿಸೋದು ಅಂತ, ಮಾನಿಟರ್, ಅಡ್ಮಾನಿಷ್ ಎಲ್ಲಾ ಅದೇ ಬೇರು, ಮಾನ್‌ಸ್ಟರ್ ಕೂಡ, ಯಾಕಂದ್ರೆ ವಿಕಾರವಾದ ಜನನಾನೂ ದೇವರ ಎಚ್ಚರಿಕೆ ಅಂತ ರೋಮನ್ನರು ತಿಳ್ಕೊಂಡಿದ್ರು. ಪ್ರಿಸೆಂಟಿಮೆಂಟ್ ಅಂತ ಇನ್ನೊಂದಿದೆ, ಇದು ಮೂರರಲ್ಲಿ ಸಾಧು, ಒಳ್ಳೇದಕ್ಕೂ ಬರಬಹುದು, ಯಾಕೋ ಅವ್ರು ಇವತ್ತು ಬರ್ತಾರೆ ಅನ್ನಿಸ್ತಿದೆ ಅನ್ನೋ ಥರ. ಈಗ ಬಳಕೆ ಕಮ್ಮಿ.

ಈ ವ್ಯತ್ಯಾಸ ನಂಗೆ ತಲೆಗೆ ಹೋಗಿದ್ದು ಒಂದು ನಿಜವಾದ ಘಟನೆಯಿಂದ, ಸ್ವಲ್ಪ ಭಾರವಾದದ್ದು. 1966ರ ಅಕ್ಟೋಬರ್ 21, ವೇಲ್ಸ್‌ನ ಆಬರ್‌ಫ್ಯಾನ್ ಅನ್ನೋ ಗಣಿ ಊರು. ಗುಡ್ಡದ ಮೇಲೆ ರಾಶಿ ಹಾಕಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯ ಮಳೆ ನೀರಿಗೆ ಸಡಿಲ ಆಗಿ ಜಾರಿ ಬಂದು ಶಾಲೆ ಮೇಲೆ ಬಿತ್ತು. 144 ಜನ ಸತ್ರು, ಅದರಲ್ಲಿ 116 ಮಕ್ಕಳು. ಆಮೇಲೆ ಜಾನ್ ಬಾರ್ಕರ್ ಅನ್ನೋ ಮನೋವೈದ್ಯ ಲಂಡನ್ನಿನ ಪತ್ರಿಕೆ ಮೂಲಕ, ಇದು ಆಗೋಕೆ ಮುಂಚೆ ಯಾರಿಗಾದ್ರೂ ಕನಸು ಬಿದ್ದಿತ್ತಾ, ಮನಸ್ಸಿಗೆ ಏನಾದ್ರೂ ಅನ್ನಿಸಿತ್ತಾ ಅಂತ ಕೇಳಿದ. 76 ಕಾಗದ ಬಂದ್ವು. ಮುಂದಿನ ವರ್ಷ ಜನ ಇಂಥ ಅನಿಸಿಕೆಗಳನ್ನ ಮುಂಚಿತವಾಗೇ ಬರೆದು ಕಳಿಸೋಕೆ ಒಂದು ಬ್ಯೂರೋನೇ ಶುರು ಮಾಡಿದ್ರು, ಹೆಸರು ಪ್ರೆಮನಿಷನ್ಸ್ ಬ್ಯೂರೋ. ಓಮನ್ಸ್ ಬ್ಯೂರೋ ಅಂತ ಇಡಲಿಲ್ಲ ನೋಡಿ, ಇಡೋಕಾಗ್ತಿರ್ಲಿಲ್ಲ. ಅವ್ರು ಆಕಾಶದಲ್ಲಿ ಏನು ಕಂಡ್ರಿ ಅಂತ ಕೇಳ್ತಿರ್ಲಿಲ್ಲ, ನಿಮ್ಮೊಳಗೆ ಏನಾಯ್ತು ಅಂತ ಕೇಳ್ತಿದ್ರು. ಆ ಕನಸುಗಳು ನಿಜಾನಾ ಕಾಕತಾಳೀಯಾನಾ ಅನ್ನೋದು ಬೇರೆ ಚರ್ಚೆ (ನನ್ನ ಮಟ್ಟಿಗೆ, ಆದ ಮೇಲೆ ನೆನಪಾಗೋ ಕನಸನ್ನ ನಾನು ನಂಬಲ್ಲ). ಆದ್ರೆ ಆ ಕಲ್ಲಿದ್ದಲ ಕಸದ ರಾಶಿಯಿಂದ ಅಪಾಯ ಇದೆ ಅಂತ ಊರಿನವರು ಮುಂಚೆನೇ ಎಚ್ಚರಿಸಿದ್ರಲ್ಲ, ಅದು ಓಮನ್ನೂ ಅಲ್ಲ ಪ್ರೆಮನಿಷನ್ನೂ ಅಲ್ಲ, ಅದು ವಾರ್ನಿಂಗ್. ಕಣ್ಣಿಗೆ ಕಾಣೋ ಕಾರಣ ಇಟ್ಕೊಂಡು ಹೇಳಿದ್ದು. ಎಲ್ಲಾದಕ್ಕೂ ಮುನ್ಸೂಚನೆ ಅಂತ ಒಂದೇ ಪದ ಬಳಿದುಬಿಟ್ರೆ ಈ ವ್ಯತ್ಯಾಸ ಮುಳುಗೋಗತ್ತೆ, ಅದಕ್ಕೇ ನಂಗೆ ಆ ಪದದ ಮೇಲೆ ಸಿಟ್ಟು.

ನಿಘಂಟುಹುಳ:

ರಾತ್ರಿಪಾಳಿಯವರು ಹೇಳಿದ್ದು ನೂರಕ್ಕೆ ನೂರು ಒಪ್ತೀನಿ.

ಹರಿಕಾರ ವಿಷಯಕ್ಕೆ. ಹರಿಕಾರ ಅಂದ್ರೆ ಮೊದಲು ಸುದ್ದಿ ಹೊತ್ತು ಓಡೋ ಆಳು. ಹಾರ್ಬಿಂಜರ್ ಕೂಡ ಮೊದಲು ಆಳೇ: ರಾಜನೋ ಸೈನ್ಯಾನೋ ಬರೋಕೆ ಮುಂಚೆ ಹೋಗಿ ಉಳ್ಕೊಳೋಕೆ ಜಾಗ ಗೊತ್ತು ಮಾಡ್ತಿದ್ದೋನು. ಹಾರ್ಬರ್ ಅನ್ನೋ ಪದಾನೂ ಇದರ ನೆಂಟ, ತಂಗೋ ಜಾಗ ಅಂತ. ಮಧ್ಯದಲ್ಲಿ ಬಂದಿರೋ ಆ ನ್ ಸದ್ದು ಆಮೇಲೆ ನುಸುಳಿದ್ದು, ಮೆಸೇಜ್ ಇಂದ ಮೆಸೆಂಜರ್, ಪ್ಯಾಸೇಜ್ ಇಂದ ಪ್ಯಾಸೆಂಜರ್ ಆಯ್ತಲ್ಲ ಹಂಗೇ. ಇಲ್ಲೀವರೆಗೂ ಜೋಡಿ ಚೆನ್ನಾಗಿದೆ. ಆದ್ರೆ ಕನ್ನಡದಲ್ಲಿ ಹರಿಕಾರ ಈಗ ಪೂರ್ತಿ ಹೊಗಳಿಕೆ, ಕ್ರಾಂತಿಯ ಹರಿಕಾರ, ಸುಧಾರಣೆಯ ಹರಿಕಾರ. ಇಂಗ್ಲಿಷಲ್ಲಿ ಹಾರ್ಬಿಂಜರ್ ಆಫ್ ಡೂಮ್ ಅಂತ ಧಾರಾಳವಾಗಿ ಬರೀತಾರೆ, ಅದಕ್ಕೆ ವಿನಾಶದ ಹರಿಕಾರ ಅಂತ ಹಾಕಿದ್ರೆ ವಿನಾಶಕ್ಕೇ ಸನ್ಮಾನ ಮಾಡಿದ ಹಾಗಿರತ್ತೆ. ಅಲ್ಲಿ ವಿನಾಶದ ದೂತ ಅನ್ನಿ. ಹೆರಾಲ್ಡ್ ಅಂತ ಕ್ರಿಯಾಪದ ಬಂದ್ರೆ ನಮ್ಮ ನಾಂದಿ ಹಾಡು ಚೆನ್ನಾಗಿ ಕೂರತ್ತೆ. (1066ರ ರಾಜ ಹೆರಾಲ್ಡ್ ಹೆಸರಿನ ಸ್ಪೆಲಿಂಗ್ ಬೇರೆ, ಕಲೆಸ್ಕೊಬೇಡಿ.)

ಕ್ರಿಯಾಪದ ಅಂದ ತಕ್ಷಣ ನೆನಪಾಯ್ತು, ಬೋಡ್ ಮತ್ತೆ ಆಗರ್ ಎರಡಕ್ಕೂ ವೆಲ್ ಅಥವಾ ಇಲ್ ಅಂತ ಬಾಲ ಬೇಕು, ಇಟ್ ಬೋಡ್ಸ್ ವೆಲ್, ಇಟ್ ಆಗರ್ಸ್ ವೆಲ್. ಕನ್ನಡದಲ್ಲಿ ಲಕ್ಷಣ ಚೆನ್ನಾಗಿದೆ, ಲಕ್ಷಣ ಚೆನ್ನಾಗಿಲ್ಲ ಅಂತೀವಲ್ಲ ಅಷ್ಟೇ, ಇದಕ್ಕಿಂತ ಒಳ್ಳೆ ಅನುವಾದ ನಂಗೆ ಸಿಕ್ಕಿಲ್ಲ. ಪೋರ್ಟೆಂಡ್, ಪ್ರೆಸೇಜ್‌ಗೆ ವೆಲ್ ಇಲ್ ಹಚ್ಚಬಾರ್ದು, ಏನನ್ನ ಸೂಚಿಸತ್ತೆ ಅಂತ ನೇರವಾಗಿ ಹೇಳ್ಬೇಕು. ಇವ್ಯಾವುದಕ್ಕೂ ಮನುಷ್ಯನ್ನ ಕರ್ತೃ ಮಾಡ್ಬೇಡಿ, ಐ ಬೋಡ್ ಅಂತ ಯಾರೂ ಹೇಳಲ್ಲ, ಮನುಷ್ಯ ಮಾಡೋದು ಪ್ರಿಡಿಕ್ಟ್ ಅಥವಾ ಪ್ರಾಫಸೈ. ಹಾಂ, ಆಗರ್ ಬರೆಯೋವಾಗ ಕೊನೇಲಿ ಯು ಆರ್ ಹಾಕಿ, ಇ ಆರ್ ಹಾಕಿದ್ರೆ ಶಕುನ ಹೋಗಿ ತೂತು ಕೊರೆಯೋ ಬೈರಿಗೆ ಆಗತ್ತೆ. ದೊಡ್ಡ ದೊಡ್ಡೋರೇ ಇಲ್ಲಿ ಜಾರಿದಾರೆ.

ತರ್ಕದ_ಕೋಲು:

ನಂಗೊಂದು ತಕರಾರು. ಹಾರ್ಬಿಂಜರ್, ಪ್ರಿಕರ್ಸರ್, ಓಮನ್ ಎಲ್ಲಾ ಮುಂಚೆ ಬರೋದೇ ತಾನೇ, ನೀವುಗಳು ಸುಮ್ನೆ ಕೂದಲು ಸೀಳ್ತಿದೀರಾ ಅನ್ಸತ್ತೆ. ಮಾತಾಡೋವಾಗ ಯಾರು ಇಷ್ಟೆಲ್ಲ ನೋಡ್ತಾರೆ?

ಹಕ್ಕಿನೋಟ:

ಮಾತಾಡೋವಾಗ ನೋಡಲ್ಲ ನಿಜ, ಆದ್ರೆ ಕೇಳೋರ ಕಿವಿಗೆ ತಪ್ಪು ಬಡಿಯತ್ತೆ, ಪ್ರಶ್ನೆ ಕೇಳಿದವರ ಕ್ಲೈಂಟನ್ನೇ ಕೇಳಿ ಬೇಕಾದ್ರೆ.

ಎರಡು ಹಕ್ಕಿ ತಗೊಳಿ. ಒಂದು ರೋಮ್ ಆಕಾಶದಲ್ಲಿ ಹಾರಿದ ಹದ್ದು. ಇನ್ನೊಂದು ಗಣಿಯೊಳಗಿನ ಕ್ಯಾನರಿ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡೋಕೆ ಪಂಜರದಲ್ಲಿ ಕ್ಯಾನರಿ ಇಟ್ಕೊಂಡು ಇಳೀತಿದ್ರು, ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ವಿಜ್ಞಾನಿ ಕೊಟ್ಟ ಐಡಿಯಾ. ಆ ಅನಿಲಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಪುಟ್ಟ ಹಕ್ಕಿ ಉಸಿರಾಡೋ ವೇಗಕ್ಕೆ ವಿಷ ಅದಕ್ಕೆ ಮೊದ್ಲು ತಟ್ಟತ್ತೆ, ಅದು ಕೊಂಬೆಯಿಂದ ಬಿದ್ರೆ ಜನ ಓಡ್ತಿದ್ರು. 1986ರಲ್ಲಿ ಎಲೆಕ್ಟ್ರಾನಿಕ್ ಮೀಟರ್ ಬಂದು ಹಕ್ಕಿಗಳಿಗೆ ನಿವೃತ್ತಿ ಆಯ್ತು. ಎರಡೂ ಹಕ್ಕಿನೇ, ಎರಡೂ ಅಪಾಯಕ್ಕೆ ಮುಂಚೆನೇ, ಆದ್ರೆ ಹದ್ದಿಗೂ ಯುದ್ಧಕ್ಕೂ ಮಧ್ಯ ಇರೋದು ನಂಬಿಕೆ ಮಾತ್ರ, ಕ್ಯಾನರಿಗೂ ಸಾವಿಗೂ ಮಧ್ಯ ಇರೋದು ಅದೇ ಗಾಳಿ. ಹದ್ದು ಓಮನ್, ಕ್ಯಾನರಿ ಮೀಟರ್. ಕ್ಯಾನರಿ ಬಿದ್ದಿದ್ದನ್ನ ಓಮನ್ ಅಂತ ಕರೆದ್ರೆ ಜನ ಓಡೋ ಬದ್ಲು ಪೂಜೆಗೆ ಕೂರ್ತಾರೆ.

ಪ್ರಿಕರ್ಸರ್ ಈ ಕ್ಯಾನರಿ ಕಡೆಯ ಪದ, ವಿಜ್ಞಾನದಲ್ಲಿ ಅದಕ್ಕೇ ಅದನ್ನ ಬಳಸ್ತಾರೆ. ಹಾರ್ಬಿಂಜರ್ ಮಧ್ಯದಲ್ಲಿದೆ, ಕಾರಣ ಇರಬಹುದು, ಕಾವ್ಯ ಅಂತೂ ಇದ್ದೇ ಇರತ್ತೆ. ಭೂಕಂಪದಲ್ಲಿ ಮುಂಚೆ ಬರೋ ಸಣ್ಣ ಕಂಪನಕ್ಕೆ ಫೋರ್‌ಶಾಕ್ ಅಂತಾರೆ, ಆದ್ರೆ ದೊಡ್ಡದು ಬರೋವರೆಗೂ ಅದು ಫೋರ್‌ಶಾಕ್ ಅಂತ ಯಾರಿಗೂ ಗೊತ್ತಾಗಲ್ಲ, ಅಲ್ಲೀತನಕ ಅದೂ ಒಂದು ಮಾಮೂಲಿ ಕಂಪನ ಅಷ್ಟೇ. ನಂಗೆ ಇದು ಓದಿದಾಗ ಮೈ ಜುಮ್ ಅಂದಿತ್ತು.

ತರ್ಕದ_ಕೋಲು:

ಸರಿ ಬಿಡಿ, ಕ್ಯಾನರಿಗೆ ಸೋತೆ. ಪ್ರಾಫಸಿ ಎಲ್ಲಿಗೆ ಸೇರತ್ತೆ ಹಾಗಾದ್ರೆ?

ರಾತ್ರಿಪಾಳಿ:

ಪ್ರಾಫಸಿ ಅಂದ್ರೆ ಮಾತು. ಯಾರೋ ಬಾಯಿಬಿಟ್ಟು ಹೇಳ್ಬೇಕು. ಲಿಡಿಯಾದ (ಈಗಿನ ಟರ್ಕಿ ಕಡೆಯ ಹಳೇ ರಾಜ್ಯ) ರಾಜ ಕ್ರೀಸಸ್, ದೇವರ ಮಾತು ಹೇಳೋ ಗ್ರೀಸಿನ ಡೆಲ್ಫಿ ಗುಡಿಯಲ್ಲಿ, ಪರ್ಷಿಯಾ ಮೇಲೆ ಯುದ್ಧಕ್ಕೆ ಹೋಗ್ಲಾ ಅಂತ ಕೇಳಿಸಿದಾಗ, ಹೋದ್ರೆ ದೊಡ್ಡ ಸಾಮ್ರಾಜ್ಯ ಒಂದು ನಾಶ ಆಗತ್ತೆ ಅಂತ ಉತ್ತರ ಬಂತಂತೆ, ಹೋದ, ನಾಶ ಆಗಿದ್ದು ಅವನದ್ದೇ ಸಾಮ್ರಾಜ್ಯ. ಅದು ಪ್ರಾಫಸಿ. ಕ್ರಿ.ಪೂ. 413ರಲ್ಲಿ ಸಿಸಿಲಿಯ ಸಿರಾಕ್ಯೂಸ್ ಊರಿಂದ ಅಥೆನ್ಸ್ ಸೈನ್ಯ ಇನ್ನೇನು ಹಡಗು ಹತ್ತಿ ತಪ್ಪಿಸ್ಕೊಬೇಕು, ಚಂದ್ರಗ್ರಹಣ ಆಯ್ತು, ಜ್ಯೋತಿಷಿಗಳು ಮೂರೊಂಬತ್ತಲಿ 27 ದಿನ ಕಾಯಿರಿ ಅಂದ್ರು, ಸೇನಾಪತಿ ನಿಕಿಯಾಸ್ ಕಾದ, ಅಷ್ಟರಲ್ಲಿ ಶತ್ರು ಬಂದರಿನ ಬಾಯಿ ಮುಚ್ಚಿ ಇಡೀ ಸೈನ್ಯ ಹಾಳಾಯ್ತು. ಗ್ರಹಣ ಓಮನ್. ಬೇರೆ ಥರ ಓದಿದ್ರೆ ಬಚಾವಾಗ್ತಿದ್ರೇನೋ.

ಉಚ್ಚಾರ ನೋಡ್ಕೊಳಿ, ನಾಮಪದ ಪ್ರಾಫಸಿ, ಕ್ರಿಯಾಪದ ಪ್ರಾಫಸೈ. ಕಥೆಯಲ್ಲಿ ಲೇಖಕನೇ ಮುಂಚೆ ಸುಳಿವು ಇಟ್ರೆ ಫೋರ್‌ಶ್ಯಾಡೋ, ಅದು ಪಾತ್ರಕ್ಕೆ ಗೊತ್ತಾಗಲ್ಲ, ಓದುಗನಿಗೆ ಮಾತ್ರ.

ಅರೆಬರೆ_ಇಂಗ್ಲಿಷ್:

ನನ್ನ ಪುಟ ಮುಗೀತು! ಓಮನ್‌ಗೆ ಶಕುನ, ಪೋರ್ಟೆಂಟ್‌ಗೆ ಉತ್ಪಾತ, ಫೋರ್‌ಬೋಡಿಂಗ್ ಬಂದಿದ್ದ ಕಡೆ "ಅವಳ ಎದೆಯಲ್ಲಿ ಹೇಳಲಾಗದ ಅಳುಕು" ಅಂತ ಹಾಕಿದೆ. ಮುನ್ಸೂಚನೆ ಒಂದೇ ಒಂದು ಕಡೆ ಉಳಿಸಿದೀನಿ, ಅಲ್ಲಿ ನಿಜವಾಗ್ಲೂ ಮಳೆ ವಿಷಯಾನೇ ಇತ್ತು. ಇಂಗ್ಲಿಷ್ ಪ್ರಾಕ್ಟೀಸಿಗೆ ಒಂದು ವಾಕ್ಯಾನೂ ಮಾಡಿದೆ, ಯುವರ್ ರಿಟರ್ನ್ ಪೋರ್ಟೆಂಡ್ಸ್ ವೆಲ್ ಫಾರ್ ಅಸ್. ಹೆಂಗಿದೆ?

ನಿಘಂಟುಹುಳ:

ಮತ್ತೆ ಶುರು ಹಚ್ಕೊಂಡ್ರಾ. ಪೋರ್ಟೆಂಡ್ಸ್ ಅಲ್ಲ, ಬೋಡ್ಸ್. ಅಂದಹಾಗೆ ಆ ಕ್ಲೈಂಟ್ ನಿಮ್ಮ ಮೊದಲ ಮೇಲ್‌ಗೆ ಏನಂದ್ರು ಅಂತ ಹೇಳ್ಲೇ ಇಲ್ಲ.

ಅರೆಬರೆ_ಇಂಗ್ಲಿಷ್:

ಒಂದೇ ಸಾಲು ಬಂದಿತ್ತು ಸರ್. "ಲೆಟ್ಸ್ ಹೋಪ್ ನಾಟ್."